ಓಬಳೆಪ್ಪ ಎದೆ ಕೊಯ್ಯಲು ಒಪ್ಪಿದ್ದು

ತಾವರಗೇರಾ ಕುರಿ ಸಂತೆಯ ದಲ್ಲಾಳಿ ಓಬಳೆಪ್ಪನ ಬಾಯಿಂದ ಒಂದು ಅಂಕಿ ಹೊರಬಿದ್ದದ್ದನ್ನು ಕೇಳಿದ ಮನುಷ್ಯ ಇನ್ನೂ ಹುಟ್ಟಿಲ್ಲ. ಹೆಗಲ ಮೇಲಿನ ವಲ್ಲಿಬಟ್ಟೆಯ ಮರೆಯಲ್ಲಿ ಎದುರಿನವನ ಬೆರಳು ಹಿಡಿದು, ಹಿಡಿದ ಬೆರಳಿನ ಲೆಕ್ಕದಲ್ಲೇ ಟಗರಿನ ಬೆಲೆ ಹೇಳುವುದು ಎಲ್ಲ ದಲ್ಲಾಳಿಗಳ ಪದ್ಧತಿ. ಆದರೆ ಮಹಾಪುರುಷರು ಅಷ್ಟಕ್ಕೇ ನಿಲ್ಲುವವರಲ್ಲ. ಜನಗಣತಿಯ ಮೇಷ್ಟ್ರು ವಯಸ್ಸು ಕೇಳಿದಾಗಲೂ ಓಬಳೆಪ್ಪ ವಲ್ಲಿ ಇಳಿಸಿ ಕೈ ಚಾಚಿದ್ದ. ಮೇಷ್ಟ್ರು ಚೌಕಾಸಿ ಮಾಡಿ ಎರಡು ವರ್ಷ ಇಳಿಸಿದರೆಂದು ಊರಲ್ಲಿ ಸುದ್ದಿ.

ಇಂಥವನನ್ನು ಕಟ್ಟಿಹಾಕಿದ್ದು ಅವನದೇ ಎದೆ. ಕೊಪ್ಪಳದಲ್ಲಿ ಸ್ಕ್ಯಾನ್ ಮಾಡಿದಾಗ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬುಡದಲ್ಲೇ ಬಲೂನಿನಂತೆ ಉಬ್ಬಿದ್ದು ಕಂಡಿತು. ಹುಬ್ಬಳ್ಳಿಯ ಆಸ್ಪತ್ರೆಯವರು ಮಲಗಿಸಿ, ಭಾರ ಎತ್ತಬಾರದು, ಕೂಗಬಾರದು, ತಿಣುಕಬಾರದು ಎಂದರು. ಕುರಿಹಿಂಡನ್ನು ಕೂಗಿ ನಿಲ್ಲಿಸುತ್ತಿದ್ದ ವೀರ, ಮಂಚದ ಎರಡು ಕಂಬಿಗಳ ನಡುವೆ ಸೀನಲೂ ಹೆದರಿ ಬಿದ್ದುಕೊಂಡ.

ಆಪರೇಷನ್ ಮಾಡುವ ಡಾಕ್ಟರ್ ಮಹೇಶ್ವರಿ ಬಂದು ಕೂತು ವಿವರಿಸಿದರು.

"ಎದಿ ತೆರದು, ಹೃದಯ ನಿಲ್ಲಿಸಿ, ಮಷಿನ್‌ನಿಂದ ರಕ್ತ ಓಡಸ್ತೀವ್ರಿ. ಉಬ್ಬಿದ್ದು ಕತ್ತರಿಸಿ ತಗದು, ಬಟ್ಟಿ ನಳಿಗಿ ಹೊಲೀತೀವಿ. ಹಂಗ ಬಿಟ್ಟರ ಯಾವಾಗ ಒಡೀತೈತೋ ಹೇಳಾಕ ಬರಂಗಿಲ್ಲ. ಆಪರೇಷನ್ನಾಗೂ ಅಪಾಯ ಐತಿ. ನೂರು ಮಂದ್ಯಾಗ…"

"ಬಾಯಿಲೆ ಹೇಳಬ್ಯಾಡ್ರಿ ಅಕ್ಕಾರ." ಓಬಳೆಪ್ಪ ವಲ್ಲಿ ಹರವಿದ. "ಮಂದಿ ಅದಾರ. ಇದರಾಗ ಹೇಳ್ರಿ."

ಮಂದಿ ಎಂದರೆ ಹೆಂಡತಿ ಮುದುಕಮ್ಮ ಒಬ್ಬಳೇ. ಡಾಕ್ಟರು ನಕ್ಕು ವಲ್ಲಿಯೊಳಗೆ ಕೈ ಇಟ್ಟರು. ಬಟ್ಟೆ ಒಮ್ಮೆ ಅಲುಗಿ ನಿಂತಿತು. ವ್ಯವಹಾರ ಒಪ್ಪದವನು ಕೈ ಕೊಸರಿಕೊಂಡು ಎದ್ದು ನಡೆಯಬೇಕೆಂಬುದು ಸಂತೆಯ ನಿಯಮ. ಇವನು ಎದ್ದು ನಡೆಯುವುದೆಲ್ಲಿಗೆ? ಕೊನೆಗೆ "ಆತ್ರಿ" ಎಂದ.

ವಲ್ಲಿಯೊಳಗಿನ ಮಾತನ್ನು ಮೂರನೆಯವರು ಕೇಳಬಾರದೆಂಬುದೂ ಸಂತೆಯ ನಿಯಮವೇ. ದಲ್ಲಾಳಿಯ ಹೆಂಡತಿಗೆ ಅದು ಗೊತ್ತು. ಗಂಡನ ಹೃದಯ ನಿಂತು, ನಳಿಗೆ ಕೂತು, ಹೃದಯ ಮತ್ತೆ ನಡೆಯುವವರೆಗೂ ಅವಳು ಯಾರನ್ನೂ ಕೇಳದೆ, ಕಾಣದ ಆ ಅಂಕಿಯನ್ನೇ ಲೆಕ್ಕ ಹಾಕುತ್ತ ಹೊರಗೆ ಕೂತಿದ್ದಳು. ವಾರ್ಡಿಗೆ ತಂದ ಮೇಲೆ ತಡೆಯಲಾಗಲಿಲ್ಲ.

"ಈಗರ ಹೇಳ್ರಿ. ಎಷ್ಟ ಬೆರಳ ಹಿಡದಿದ್ರು? ನಾ ತಾಳಿ ಹಿಡಕೊಂಡು ಕುಂತಿದ್ದೆ."

ಓಬಳೆಪ್ಪ ದಿಂಬನ್ನು ಎದೆಗೊತ್ತಿಕೊಂಡು ಮೆಲ್ಲಗೆ ಕೆಮ್ಮಿದ.

"ಆ ಅಕ್ಕಾಗ ನಮ್ಮ ಬೆರಳ ಲೆಕ್ಕ ಎಲ್ಲಿ ಬರ್ತೈತಿ. ಸುಮ್ನ ಕೈ ಹಿಡಕೊಂಡು ಕುಂತ್ರು. ಬಿಡಿಸ್ಕೊಳ್ಳಾಕ ನಾಚಿಕಿ ಬಂತು, ಆತ್ರಿ ಅಂದೆ."