ಮಲಪ್ರಭೆಯ ಹೆಸರು ಕೇಳಿದ ಹುಡುಗಿ

ಕಳೆದ ತಿಂಗಳು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಸಂಬಂಧಿಕರನ್ನು ನೋಡಲು ಹೋಗಿದ್ದೆ. ವಾರ್ಡಿನ ಬಾಗಿಲಲ್ಲಿ ನರ್ಸ್ ನನ್ನ ಚಪ್ಪಲಿ ಬಿಡಿಸಿ, ಒಂದು ಜೊತೆ ರಬ್ಬರ್ ಚಪ್ಪಲಿ ಮುಂದೆ ಸರಿಸಿದರು. ಯಾರೋ ಈಗಷ್ಟೇ ಬಿಟ್ಟುಹೋದ ಬಿಸಿ, ಫಿನೈಲ್ ಬೆರೆತ ರಬ್ಬರಿನ ವಾಸನೆ... ಮೊದಲು ನೆನಪಾದದ್ದು ಕೊರಿಯಾದ ಒಂದು ಹೈಸ್ಕೂಲು. ಅದರ ಬೆನ್ನಿಗೇ ಖಾನಾಪುರದ ನಮ್ಮ ಭೂಗೋಳದ ಅಕ್ಕೋರು.

ಅಕ್ಕೋರು ನಕಾಶೆಯನ್ನು ಗೋಡೆಗೆ ತೂಗುಹಾಕುತ್ತಿರಲಿಲ್ಲ, ನೆಲದ ಮೇಲೆ ಹಾಸುತ್ತಿದ್ದರು. ನಾವು ಚಪ್ಪಲಿಗಳನ್ನು ಹೊರಗೆ ಸಾಲಾಗಿ ಬಿಟ್ಟು ಬಂದು ಅದರ ಸುತ್ತ ಕೂರಬೇಕಿತ್ತು. "ಭೂಮಿ ಗ್ವಾಡಿ ಮ್ಯಾಲ ಜೋತಬಿದ್ದೈತೇನು? ಕಾಲ ಬುಡಕ ಐತಿ. ಚಪ್ಪಲಿ ಹಾಕ್ಕೊಂಡು ಹಿಮಾಲಯ ತುಳದವರಿಗೆ ಇವತ್ತ ಮನಿಗೆ ಹೋಗಾಕ ಸುಟ್ಟಿ ಇಲ್ಲ ನೋಡ್ರಿ," ಎನ್ನುತ್ತಿದ್ದರು. ಅವರು ಹುಬ್ಬಳ್ಳಿ ದಾಟಿ ಎಲ್ಲಿಗೂ ಹೋದವರಲ್ಲ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ನಿಜವೋ, ನಾವೇ ಕಟ್ಟಿದ್ದೋ... ಯಾರೂ ಅವರನ್ನು ಕೇಳಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸಂಶೋಧನೆಗೆಂದು ನಾನು ಕೊರಿಯಾಕ್ಕೆ ಹೊರಟೆ. ಹೇಳಿಹೋಗಲು ಅಕ್ಕೋರಲ್ಲಿಗೆ ಹೋದಾಗ ಮಡಚಿದ ಹಾಳೆಯೊಂದನ್ನು ಕೈಗಿಟ್ಟರು. ಒಂಬತ್ತನೇ ತರಗತಿಯ ಮಕ್ಕಳು ಕೊರಿಯಾದ ಮಕ್ಕಳಿಗೆಂದು ಬರೆದ ಪ್ರಶ್ನೆಗಳು. ನಿಮ್ಮ ಶಾಲೆಯ ಹತ್ತಿರ ಹೊಳೆ ಇದೆಯೇ, ಮಳೆ ಜೋರಾದರೆ ರಜೆ ಕೊಡುತ್ತಾರೆಯೇ, ಹೀಗೆ. ಕೊನೆಯದು ಮಾತ್ರ ಅಕ್ಕೋರದೇ ಅಕ್ಷರ: ನಿಮ್ಮ ಪುಸ್ತಕದಲ್ಲಿ ನಮ್ಮ ಬಗ್ಗೆ ಏನಿದೆ?

"ಅಲ್ಲೆ ಯಾವುದಾರ ಒಂದ ಸಾಲಿಗೆ ಹೋಗಿ ಕೇಳು ತಂಗಿ. ಇವು ಹುಡುಗರು ಊರೂರು ಹೆಸರು ಬಾಯಿಪಾಠ ಮಾಡ್ಯಾವ. ಆ ಊರಾಗಿಂದ ಯಾರೂ ಇವಕ್ಕ ಉತ್ತರ ಕೊಟ್ಟಿಲ್ಲ."

ಅವಕಾಶ ತಾನಾಗಿ ಬಂತು. ಅಲ್ಲಿನ ಹೈಸ್ಕೂಲೊಂದರಲ್ಲಿ ಭಾರತದ ಬಗ್ಗೆ ಮಾತಾಡಲು ನನ್ನನ್ನು ಕರೆದರು. ಪ್ರಶ್ನೆಗಳನ್ನು ಇಂಗ್ಲಿಷಿಗೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಶಾಲೆಯ ಹೊಸ್ತಿಲಲ್ಲಿ ಎಲ್ಲರೂ ಬೂಟು ಬಿಚ್ಚಿ, ಒಳಗೆ ತೊಡುವ ಚಪ್ಪಲಿ ಹಾಕಿಕೊಳ್ಳುವುದು ಅಲ್ಲಿನ ರೂಢಿ. ಅತಿಥಿಗಳಿಗೆಂದೇ ಬೇರೆ ಜೊತೆಗಳಿದ್ದವು. ಹಾಕಿಕೊಂಡೆ. ಆದರೆ ತರಗತಿಯ ಬಾಗಿಲಿಗೆ ಬಂದದ್ದೇ ಕಾಲು ತನಗೆ ಗೊತ್ತಿದ್ದನ್ನು ಮಾಡಿತು. ಅತಿಥಿ ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು, ಕಾಲುಚೀಲದಲ್ಲೇ ಒಳಗೆ ಹೋದೆ. ಎಡಗಾಲಿನ ಹೆಬ್ಬೆರಳು ತೂತಿನಿಂದ ಹೊರಗಿತ್ತು.

ಮುಂದಿನ ಸಾಲಿನಿಂದ ನಗು ಹಿಂದಿನ ಸಾಲಿಗೆ ಹೋಯಿತು. ಅಲ್ಲಿನ ಶಿಕ್ಷಕಿ ಓಡಿಹೋಗಿ ಚಪ್ಪಲಿ ತಂದು, ಬಗ್ಗಿ ನನ್ನ ಕಾಲ ಬಳಿ ಇಟ್ಟರು. ಅವರ ಕಿವಿಗಳು ಕೆಂಪಾಗಿದ್ದವು. ಮಕ್ಕಳು ಗೇಲಿ ಮಾಡಿದರೆಂದೇ ಬಹಳ ವರ್ಷ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಬರೀ ಆಶ್ಚರ್ಯದ ನಗುವೂ ಇರಬಹುದು. ಏನೇ ಇರಲಿ, ನಾನು ಹದಿನೈದು ನಿಮಿಷದಲ್ಲಿ ಮಾತು ಮುಗಿಸಿದೆ. ಹಾಳೆ ಜೇಬಿನಲ್ಲೇ ಉಳಿಯಿತು. ಆ ದಿನದ ಡೈರಿಯಲ್ಲಿ "ಶಾಲೆಗೆ ಹೋಗಿದ್ದೆ, ಚೆನ್ನಾಗಿತ್ತು" ಎಂದಷ್ಟೇ ಇದೆ.

ಮರುವರ್ಷ ರಜೆಗೆ ಬಂದಾಗ ಅಕ್ಕೋರು ನನ್ನನ್ನು ತರಗತಿಗೇ ಕರೆದೊಯ್ದರು. ಮಕ್ಕಳು ನಕಾಶೆಯ ಸುತ್ತ ಬರೆಯುವ ವಹಿ ಬಿಚ್ಚಿಕೊಂಡು ಕೂತಿದ್ದರು. ಒಂದೊಂದಾಗಿ ಕೇಳಿದರು, ನಾನು ಒಂದೊಂದಾಗಿ ಉತ್ತರ ಹುಟ್ಟಿಸಿದೆ. ಕೊನೆಯ ಪ್ರಶ್ನೆಯನ್ನು ಅಕ್ಕೋರೇ ಕೇಳಿದರು. ಅಲ್ಲಿನ ಒಬ್ಬ ಹುಡುಗಿ ಪುಸ್ತಕ ಹಿಡಿದು ಎದ್ದುಬಂದು, ಅದರೊಳಗಿನ ಭಾರತದ ನಕಾಶೆಯಲ್ಲಿ ನಮ್ಮ ಘಟ್ಟದ ಮೇಲೆ ಬೆರಳಿಟ್ಟು, ಇಲ್ಲಿ ಹುಟ್ಟುವ ಹೊಳೆಯ ಹೆಸರೇನು ಎಂದು ಕೇಳಿದಳು, ಮಲಪ್ರಭೆ ಎಂದೆ, ಅವಳು ಬರೆದುಕೊಂಡಳು, ಎಂದು ಹೇಳಿದೆ.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಬರಕೊಂಡಳು, ಕೇಳಿದ್ರೇನು?" ಎಂದು ಮಕ್ಕಳತ್ತ ತಿರುಗಿದರು.

ಮರುದಿನವೇ ಆ ಹುಡುಗಿಗೆ ಮಕ್ಕಳೆಲ್ಲ ಸೇರಿ ಬರೆದ ಪತ್ರವನ್ನು ಅಕ್ಕೋರು ನಮ್ಮ ಮನೆಗೆ ಕಳಿಸಿದರು. ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಸಂಜೆ ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ.

"ಅಕ್ಕೋರ, ಆ ಹುಡುಗಿ ಇಲ್ರಿ."

"ಇಲ್ಲಂದ್ರ? ಸಾಲಿ ಬಿಟ್ಟಳೇನು?"

"ಇರಲೇ ಇಲ್ರಿ. ನಾನ ಹುಟ್ಟಿಸಿ ಹೇಳಿದ್ದು. ನಾ ಒಂದೂ ಪ್ರಶ್ನಿ ಕೇಳಲಿಲ್ಲ."

ನಡೆದದ್ದನ್ನೆಲ್ಲ ಹೇಳಿದೆ. ಹೆಬ್ಬೆರಳಿನ ಮಾತಿಗೆ ಅವರು ನಕ್ಕುಬಿಟ್ಟರು. "ಪರದೇಶಕ್ಕ ಭಾಷಣಕ್ಕ ಹೊಂಟಾಕಿ, ಒಂದ ಹೊಲಿಗಿ ಹಾಕ್ಕೊಬಾರದೇನ?" ನಗು ನಿಂತ ಮೇಲೆ ಪತ್ರವನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ನಾಳೆ ಮೊದಲನೇ ತಾಸಿಗೆ ಬಾ. ಈಗ ನನಗ ಹೇಳಿದಿಯಲ್ಲ, ಹಂಗ ಅವಕ್ಕೂ ಹೇಳು. ನಾ ಹೇಳಿದರ ನಿನ್ನ ಸುಳ್ಳುಬುರಕಿ ಮಾಡಿದಂಗ ಆಗ್ತದ. ನೀನ ಹೇಳಿದರ ಪಾಠ ಆಗ್ತದ."

"ಹೂಂ ರಿ," ಎಂದೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಬೆಳಗಾವಿಗೆ ಹೋದೆ. ಕೆಲಸವಿತ್ತು ಎಂದು ಅವ್ವನಿಗೆ ಹೇಳಿದ ನೆನಪು. ಇರಲಿಲ್ಲ. ಸಂಜೆ ಮರಳಿದಾಗ ಅವ್ವ, "ಅಕ್ಕೋರು ಮನಿತನಕ ಬಂದಿದ್ರವಾ. ಬೆಳಗಾವಿಗೆ ಹೋಗ್ಯಾಳ್ರಿ, ಕುಂದರ್ರಿ, ಚಾ ಮಾಡ್ತೀನಿ ಅಂದೆ. ಇಲ್ಲಬೇ, ಹುಡುಗರು ಕಾಯಾಕ ಹತ್ಯಾರ ಅಂದು ಹೋದ್ರು," ಎಂದಳು.

ಮತ್ತೆ ನಾನು ಅವರ ಮನೆಗೆ ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು, ಆಗಲೂ ನಾನು ದೂರದಲ್ಲಿದ್ದೆ. ಆ ಮಕ್ಕಳ ಹೆಸರು ನನಗೆ ಗೊತ್ತಿಲ್ಲ, ಒಂದು ಮುಖವೂ ನೆನಪಿಲ್ಲ. ಅವರಿಗೀಗ ಅಷ್ಟೇ ದೊಡ್ಡ ಮಕ್ಕಳಿರಬಹುದು.

ನಮ್ಮ ಮನೆಯಿಂದ ಶಾಲೆಗೆ ಹತ್ತು ನಿಮಿಷದ ಹಾದಿ. ಅಂದು ಆ ಹಾದಿಯಲ್ಲಿ ಒಬ್ಬರೇ ಮರಳಿ ನಡೆಯುತ್ತ, ಕಾಯುತ್ತಿದ್ದ ಮಕ್ಕಳಿಗೆ ಏನು ಹೇಳಬೇಕೆಂದು ಅಕ್ಕೋರು ನಿಶ್ಚಯಿಸಿದರೋ ನನಗೆ ತಿಳಿಯದು. ನನ್ನ ಸುಳ್ಳನ್ನು ಬಿಚ್ಚಿ ಹೇಳಿದರೋ, ನನಗಾಗಿ ತಾವೊಂದು ಸುಳ್ಳು ಹೇಳಿದರೋ... ಇಷ್ಟು ವರ್ಷದ ಮೇಲೆ ಕೇಳುವ ಧೈರ್ಯ ಬಂದಿದೆ. ಕೇಳಬೇಕಾಗಿದ್ದುದು ಅವರೊಬ್ಬರನ್ನೇ.