ಶೇಖಾವಲಿಯ ಹೂಂ

ಹರಪನಹಳ್ಳಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಗಾಜಿನ ಗೂಡು ಇನ್ನೂ ಇದೆ. ಒಂದು ಕಾಲಕ್ಕೆ ಅದು ಶೇಖಾವಲಿಯ ಎಸ್‌ಟಿಡಿ ಬೂತು. ಈಗ ಅದರೊಳಗೆ ಅವನ ಮಗಳು ಮುಬೀನಾ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಇಂಟರ್‌ನೆಟ್ ಮೇಲೆ ಮಾತಾಡುವ ಆ್ಯಪ್‌ಗಳನ್ನು ಕಟ್ಟುತ್ತಾಳೆ. ಅಪ್ಪ ತಂತಿಯ ಮೇಲೆ ಮಾತು ಸಾಗಿಸಿದ, ಮಗಳು ತಂತಿಯಿಲ್ಲದೆ ಸಾಗಿಸುತ್ತಾಳೆ, ಅಂತೂ ಮಂದಿಯ ಮಾತೇ ಈ ಮನೆಗೆ ಅನ್ನ ಹಾಕುತ್ತ ಬಂದಿದೆ ಎಂದು ಓಣಿಯವರು ನಗುತ್ತಾರೆ. ನಗಲಿ, ಸುಳ್ಳೇನಲ್ಲ.

ಬೂತಿನ ಆ ದಿನಗಳು ನೆನಪಾದರೆ ಮುಬೀನಾಳಿಗೆ ಕೋಡ್ ಬರೆಯುವ ಕೈ ನಿಂತುಬಿಡುತ್ತದೆ. ಸಂತೆಯ ದಿನ ಬೆಂಚಿನ ತುಂಬ ಹಳ್ಳಿಯ ಮಂದಿ. ಮೀಟರಿನಲ್ಲಿ ಓಡುವ ಕೆಂಪು ಅಂಕಿ, ಅದನ್ನು ನೋಡಿ ಅರ್ಧ ಮಾತು ನುಂಗುವ ಹೆಂಗಸರು, ಗಾಜಿನ ಬಾಗಿಲು ಹಾಕಿಕೊಂಡರೂ ಓಣಿಗೆಲ್ಲ ಕೇಳುವಂತೆ ಅರಚುವ ಗಂಡಸರು. ಮೇಜಿನ ಕೆಳಗೆ ಕೂತು ಅವಳು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಮೊದಲ ಸಲ ಫೋನು ಹಿಡಿಯುವವರಿಗೆಲ್ಲ ಶೇಖಾವಲಿ ಒಂದೇ ಪಾಠ ಹೇಳುತ್ತಿದ್ದ.

“ಆ ಕಡೆಯವ್ರು ಮಾತಾಡುವಾಗ ಸುಮ್ನ ನಿಂದ್ರಬ್ಯಾಡ್ರಿ. ಹೂಂ ಅನ್ರಿ. ಹೂಂ ಅನ್ಲಿಲ್ಲಂದ್ರ ಲೈನ್ ಕಟ್ಟಾತು ಅಂತ ಅವ್ರು ಫೋನ್ ಇಟ್ಟುಬಿಡ್ತಾರ.”

ಹಾಗೆ ಅಲ್ಲಿ ಬಂದವರೆಲ್ಲ ಹೂಂ ಎಂದರು. ಹೂಂನಲ್ಲಿ ಎಷ್ಟು ಬಗೆ ಇರುತ್ತದೆ ಎಂಬುದು ಮುಬೀನಾಳಿಗೆ ಮಗ್ಗಿಗಿಂತ ಮೊದಲೇ ಬಂದಿತ್ತು. ಮಗಳು ಹೆತ್ತ ಸುದ್ದಿಗೆ ಮೇಲೇರುವ ಹೂಂ, ಸಾವಿನ ಸುದ್ದಿಗೆ ಕೆಳಗಿಳಿಯುವ ಹೂಂ, ಗಂಡ ಈ ಹಬ್ಬಕ್ಕೂ ಬರುವುದಿಲ್ಲ ಎಂದಾಗ ತಡವಾಗಿ ಬರುವ ಹೂಂ. ಫೋನು ಇಟ್ಟು ಹೊರಗೆ ಬಂದವರು ಬಾಯಿ ತೆರೆಯುವ ಮೊದಲೇ ಅಪ್ಪನಿಗೂ ಮಗಳಿಗೂ ಸಮಾಚಾರ ಗೊತ್ತಾಗಿರುತ್ತಿತ್ತು.

ಅಲ್ಲಿಗೆ ಹತ್ತಿರದ ಹಳ್ಳಿ ತೆಲಿಗಿಯಿಂದ ಗಾದೆಪ್ಪ ಬರುತ್ತಿದ್ದ, ಲಾರಿಯ ಮೇಲೆ ಊರೂರು ತಿರುಗುವ ಅಣ್ಣನ ಜೊತೆ ಮಾತಾಡಲು. ಅಣ್ಣ ಸಿಗುತ್ತಿದ್ದದ್ದು ಅಪರೂಪ, ಕಾಯುವುದು ಮಾತ್ರ ದಿನವಿಡೀ. ಕಾಯುತ್ತ ಕಾಯುತ್ತ ಅವನಿಗೂ ಶೇಖಾವಲಿಗೂ ಗೆಳೆತನ ಬೆಳೆಯಿತು. ಗಾದೆಪ್ಪನಿಗೆ ಬಾಯಿ ಕೊಟ್ಟ ದೇವರು ಅದಕ್ಕೊಂದು ಅಗುಳಿ ಕೊಡುವುದನ್ನು ಮರೆತಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ, ಇವನಿಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು. ಅವನು ಹೇಳುವುದು, ಶೇಖಾವಲಿ ಚಹಾ ಕುಡಿಯುತ್ತ ಹೂಂ ಎನ್ನುವುದು. ಮನೆಮನೆಗೆ ಮೊಬೈಲು ಬಂದು ಬೂತಿಗೆ ಬಾಗಿಲು ಬಿದ್ದರೂ ಈ ಕತೆ ನಿಲ್ಲಲಿಲ್ಲ.

ಎರಡು ವರ್ಷದ ಹಿಂದೆ ಶೇಖಾವಲಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಊರಿಗೆಲ್ಲ ಮಾತು ಮುಟ್ಟಿಸಿದವನ ಬಾಯಲ್ಲಿ ಉಳಿದದ್ದು ಹೂಂ ಒಂದೇ. ನೋಡಲು ಬಂದವರು ಅವನ ಮುಂದೆಯೇ “ಪಾಪ” ಎಂದು ಲೊಚಗುಟ್ಟಿ, ಆಮೇಲೆ ಅವನ ಹೆಂಡತಿ ಬಾನು ಬೀಯ ಜೊತೆ ಮಾತಾಡಿ ಎದ್ದು ಹೋಗುತ್ತಿದ್ದರು. ಗಾದೆಪ್ಪನಿಗೆ ಮಾತ್ರ ಏನೂ ಬದಲಾಗಿರಲಿಲ್ಲ. ಮೊದಲಿನಿಂದಲೂ ಗೆಳೆಯ ಹೇಳುತ್ತಿದ್ದದ್ದು ಹೂಂ ತಾನೆ! ದಿನಾ ಸಂಜೆ ಫೋನು ಮಾಡಿ ಮೆಕ್ಕೆಜೋಳ, ಎಮ್ಮೆ, ಸೊಸೆ, ಪಂಚಾಯ್ತಿ ಎಲ್ಲವನ್ನೂ ಹೇಳುತ್ತಿದ್ದ. ಶೇಖಾವಲಿ ಫೋನನ್ನು ಎದೆಯ ಮೇಲಿಟ್ಟುಕೊಂಡು ಹೂಂಗುಟ್ಟುತ್ತಿದ್ದ. ಆ ಒಂದು ಹೊತ್ತು ಅವನು ರೋಗಿಯಾಗಿರುತ್ತಿರಲಿಲ್ಲ.

ಈ ನಡುವೆ ದಾವಣಗೆರೆಯ ಒಂದು ಬೀಜದ ಕಂಪನಿಗೆ ಮುಬೀನಾ ಆ್ಯಪ್ ಕಟ್ಟತೊಡಗಿದಳು. ರೈತರು ಹೊಲದಲ್ಲಿ ನಿಂತೇ ಕಂಪನಿಯವರ ಜೊತೆ ಮಾತಾಡಬೇಕು. ಆದರೆ ಪಂಪಿನ ಸದ್ದು, ಗಾಳಿ, ನಾಯಿ, ಟ್ರ್ಯಾಕ್ಟರ್ ಎಲ್ಲ ಸೇರಿ ಏನೂ ತಿಳಿಯುವುದಿಲ್ಲವೆಂದು ಕಂಪನಿಯವರು ದೂರಿದರು. ಅವಳು ಹಟ ಹಿಡಿದು ಒಂದು ಜರಡಿಯನ್ನೇ ಮಾಡಿದಳು. ಮಾತಾದರೆ ಆಚೆ ಬಿಡುವುದು, ಬರೀ ಸದ್ದಾದರೆ ತಡೆಯುವುದು. ಯಾವುದು ಬರೀ ಸದ್ದು ಎಂದು ಅದಕ್ಕೆ ಕಲಿಸಿದವಳೂ ಅವಳೇ. ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ, ಹಿಗ್ಗಿನಲ್ಲಿ ಮೊದಲು ಅದನ್ನು ಅಪ್ಪನ ಫೋನಿಗೆ ಹಾಕಿದಳು, ಆಮೇಲೆ ತೆಲಿಗಿಗೆ ಹೋಗಿ ಗಾದೆಪ್ಪನ ಫೋನಿಗೂ ಹಾಕಿ, ಇನ್ನು ಮೇಲೆ ಇದರಲ್ಲೇ ಮಾತಾಡಿ ಎಂದು ಹೇಳಿ ಬಂದಳು. ಅವನ ಮನೆಗೆ ಆಗಷ್ಟೇ ವೈಫೈ ಬಂದಿತ್ತು.

ಒಂದು ವಾರ ಕಳೆಯುವುದರೊಳಗೆ ಗಾದೆಪ್ಪನ ಕರೆ ಮೊಟಕಾಯಿತು. ಆಮೇಲೆ ನಿಂತೇಹೋಯಿತು. ಸಂಜೆಯಾದರೆ ಶೇಖಾವಲಿ ಎಡಗೈಯಲ್ಲಿ ಫೋನು ಹಿಡಿದು ಅದನ್ನೇ ನೋಡುತ್ತಿದ್ದ. ಒಮ್ಮೆ ಮಗಳನ್ನು ಹತ್ತಿರ ಕೂರಿಸಿಕೊಂಡು, ಫೋನಿಗೆ ಬಾಯಿ ಹಚ್ಚಿ ಹೂಂ ಎಂದು, ಇಲ್ಲ ಇಲ್ಲ ಎಂಬಂತೆ ತಲೆಯಾಡಿಸಿದ. ಅವಳಿಗೆ ತಿಳಿಯಲಿಲ್ಲ. ಬೇಸರವಾಗಿರಬೇಕು ಎಂದುಕೊಂಡು ಹೊದಿಕೆ ಸರಿಮಾಡಿ ಎದ್ದು ಹೋದಳು. ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದಾನೆ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ ಎಂದು ಬಾನು ಬೀ ಅತ್ತಾಗ, ಮುಬೀನಾ ತೆಲಿಗಿಯ ಬಸ್ಸು ಹತ್ತಿದಳು.

ಗಾದೆಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಬಾ ಎಂದನೇ ಹೊರತು ತಲೆಯೆತ್ತಲಿಲ್ಲ. “ಯಾಕ ಕಾಕಾ, ಅಬ್ಬಾಗ ಫೋನ್ ಮಾಡವಲ್ರಿ?” ಎಂದು ಅವಳು ಕೇಳಿದ ಮೇಲೆ ಹಗ್ಗ ಕೆಳಗಿಟ್ಟ.

“ಮೊದ್ಲ ದಿನ ಲೈನ್ ಹೋಗೈತಿ ಅನ್ಕಂಡೆ. ಮರುದಿನಾನೂ ಹಂಗ. ನಾ ಮಾತಾಡೂದು, ಆ ಕಡಿ ಉಸುರಿಲ್ಲ. ಹಾಳಬಾವ್ಯಾಗ ಕೂಗಿದ್ರೂ ತಿರುಗಿ ಒಂದ್ ದನಿ ಬರ್ತೈತವ್ವ. ಮಾತು ಬರದವನ ಕೂಡ ಏನ್ ಮಾತು ಅಂತ ನೀವ ಫೋನ್ ಎತ್ತಿ ಅತ್ತಾಗ ಇಟ್ಟೀರಿ ಅನ್ಕಂಡೆ. ಅವಂಗ ಹೂಂ ಒಂದ ಉಳಿದಿತ್ತು. ಅದನ್ನೂ ಕಸ್ಕಂಡ್ರಿ.”

ಮುಬೀನಾಳಿಗೆ ಆಗ ಹೊಳೆಯಿತು. ಪಂಪಿನ ಮೋಟರು ಗುಂಯ್ ಎನ್ನುತ್ತದೆ, ತುಟಿ ತೆರೆಯದ ಮನುಷ್ಯನೂ ಹಾಗೆಯೇ ಗುನುಗುತ್ತಾನೆ. ಎರಡನ್ನೂ ಬರೀ ಸದ್ದು ಎಂದು ಜರಡಿಗೆ ಕಲಿಸಿದ್ದು ಅವಳ ಕೈಯೇ. ಮಾತಾಡಬಲ್ಲವರ ಹೂಂ ಹೋದರೆ ಹೋಗಲಿ, ಅವರ ಮಾತಾದರೂ ದಾಟುತ್ತಿತ್ತು. ಅಪ್ಪನದು ಪೂರ್ತಿ ಜರಡಿಯಲ್ಲೇ ನಿಂತುಹೋಗಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಮೇಜಿನ ಕೆಳಗೆ ಕೂತು ಹೂಂ ಕಲಿತವಳು, ಅಪ್ಪ ಬಾಯಿಬಿಟ್ಟು ಹೇಳಲಾರದೆ ಫೋನಿಗೆ ಹೂಂ ಎಂದು ತೋರಿಸಿದಾಗಲೂ ಎದ್ದು ಹೋಗಿದ್ದಳು. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು.

ಮರುದಿನವೆಲ್ಲ ಗಾಜಿನ ಗೂಡಿನಲ್ಲಿ ಕೂತು ಜರಡಿ ತೆಗೆದಳು. ಅದು ಬೇಕೇ ಬೇಕೆಂದವರು ಒತ್ತಿಕೊಳ್ಳಲು ಒಂದು ಗುಂಡಿ ಇಟ್ಟಳು. ಗದ್ದಲ ಮತ್ತೆ ಬರುತ್ತದಲ್ಲ ಎಂದು ಕಂಪನಿಯವರು ಮುಖ ಸಿಂಡರಿಸಿದರು. ಬರಲಿ, ಅದರಲ್ಲಿ ಮನುಷ್ಯರೂ ಇರುತ್ತಾರೆ ಎಂದಳು. ಹೊಸ ಆ್ಯಪನ್ನು ಅಪ್ಪನ ಫೋನಿಗೆ ಹಾಕಿ, ಅದನ್ನು ಅವನ ಎದೆಯ ಮೇಲಿಟ್ಟು, ಮತ್ತೆ ತೆಲಿಗಿಗೆ ಹೋದಳು.

ಗಾದೆಪ್ಪ ಒಲ್ಲೆ ಒಲ್ಲೆ ಎನ್ನುತ್ತಲೇ ಫೋನು ಕೊಟ್ಟ. ಅವಳು ಅದನ್ನು ಸರಿಮಾಡಿ, ಕರೆ ಹಚ್ಚಿ, ಸ್ಪೀಕರ್ ಹಾಕಿ, ಅವನ ಕೈಗಿಟ್ಟಳು. ಮೊದಲು ಕೇಳಿಸಿದ್ದು ಗದ್ದಲವೇ. ಬಾನು ಬೀಯ ಹೊಲಿಗೆ ಮಷಿನು, ಓಣಿಯ ಸೊಪ್ಪಿನವಳು, ನಿಲ್ದಾಣದಲ್ಲಿ ಬಸ್ಸಿನ ಹಾರನ್ನು. ಗಾದೆಪ್ಪನ ಮುಖ ಸಡಿಲವಾಯಿತು.

“ಸಾಬನ ಮನಿ” ಎಂದ.

ಆಮೇಲೆ ಮಾತಾಡಲು ಬಾಯಿ ತೆರೆದ. ಅಷ್ಟರಲ್ಲಿ, ಮಷಿನು ನಿಂತ ಒಂದು ಗಳಿಗೆಯಲ್ಲಿ ಆ ಕಡೆಯಿಂದ ಹೂಂ ಎಂದು ಬಂತು. ಗೆಳೆಯನ ದನಿಗಾಗಿ ಕಾಯದೆ ಶೇಖಾವಲಿಯೇ ಮೊದಲು ಅಂದಿದ್ದ. ಉದ್ದನೆಯದು, ಕೊನೆಗೆ ಮೇಲೇರಿದ್ದು, ಇಷ್ಟು ದಿನ ಎಲ್ಲಿ ಸತ್ತಿದ್ದೆಯೋ ಎನ್ನುವಂಥದ್ದು. ಅದರ ಬೆನ್ನಿಗೆ ಚುಟುಕಾದ ಇನ್ನೊಂದು, ಬೈಗುಳದಂಥದ್ದು. ಮುಬೀನಾಳಿಗೆ ಒಂದೊಂದೂ ತಿಳಿಯಿತು. ಗಾದೆಪ್ಪನಿಗಂತೂ ತಿಳಿಯದೆ ಇರುತ್ತದೆಯೇ?

ಎಂದೂ ಬಾಯಿ ಮುಚ್ಚದ ಗಾದೆಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಪ್ಪಾಯಿತು ಎಂಬಂತೆ ತಲೆ ತಗ್ಗಿಸಿ, ಹೂಂ ಎಂದ. ಆ ಕಡೆ ಶೇಖಾವಲಿ ಮಾತು ಮುಂದುವರಿಸಿದ.