ಬರಿಗಾಲಲ್ಲಿ ಬೆಂಕಿಬೆಟ್ಟ

ಬಾಲಿ ದ್ವೀಪದ ಬೆಂಕಿಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತಿದವನು ಬಹುಶಃ ನಾನೊಬ್ಬನೇ ಇರಬೇಕು. ನಮ್ಮ ರಾಮನಗರ, ಮಾಗಡಿ ಕಡೆ ಬೆಟ್ಟ ಅಂದಮೇಲೆ ತುದಿಯಲ್ಲೊಬ್ಬ ದೇವರು ಇದ್ದೇ ಇರುತ್ತಾನೆ. ಬುಡ ಕಂಡ ಕೂಡಲೇ ಕಾಲು ತಾನಾಗಿ ಚಪ್ಪಲಿ ಕಳಚುತ್ತದೆ. ಕರಿಕಲ್ಲಿನ ಪುಡಿ ಅಂಗಾಲಿಗೆ ಚುಚ್ಚಿದಾಗಲೇ ನನಗೆ ಎಚ್ಚರವಾದದ್ದು. ಅಷ್ಟರಲ್ಲಿ ಚಪ್ಪಲಿ ಬಹಳ ಕೆಳಗೆ ಉಳಿದಿತ್ತು. ಇಳಿಯಲು ನಾಚಿಕೆ, ಏರಲು ಉರಿ. ಜೊತೆಯವರು ಜೋಡಿ ಜೋಡಿಯಾಗಿ ಮುಂದೆ ಹೋಗಿದ್ದರು. ಮುದುಕನ ಕಾಲನ್ನು ಯಾರು ನೋಡುತ್ತಾರೆ?

ನೋಡುವವಳನ್ನು ನಾನೇ ಚನ್ನಪಟ್ಟಣದಲ್ಲಿ ಬಿಟ್ಟು ಬಂದಿದ್ದೆ. ಟೂರಿನಲ್ಲಿ ಒಂದೇ ಸೀಟು ಉಳಿದಿದೆ ಎಂದು ಹೆಂಡತಿ ಜಯಮ್ಮನಿಗೆ ಸುಳ್ಳು ಹೇಳಿದ್ದೆ. ಹೆದ್ದಾರಿ ಬದಿಯ ನಮ್ಮ ಗೊಂಬೆ ಅಂಗಡಿಗೆ ಬಂದ ಪ್ರವಾಸಿಗರಲ್ಲಿ ಒಬ್ಬರನ್ನೂ ಅವಳು ಊರು, ಮಕ್ಕಳು, ಮಂಡಿನೋವು ವಿಚಾರಿಸದೆ ಕಳಿಸಿದವಳಲ್ಲ. ವಿಮಾನದಲ್ಲೂ ಹಾಗೇ ಶುರುಮಾಡಿದರೆ ಎಸ್ಸೆಸ್ಸೆಲ್ಸಿ ಪಾಸಾದ ನನ್ನ ಮರ್ಯಾದೆ ಏನಾದೀತು ಎಂದು ಹೆದರಿದ್ದೆ.

ಮೇಲಿನ ನೋಟ ಚೆನ್ನಾಗಿಯೇ ಇತ್ತು. ಕೆಳಗೆ ನೀಲಿ ಕೆರೆ, ಆಚೆಗೆ ಮೋಡ. "ಎಷ್ಟು ಚೆನ್ನಾಗಿದೆ ಅಲ್ವಾ" ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ನನ್ನ ನೀರಿನ ಬಾಟಲಿ ಇತ್ತು. ನಮ್ಮ ರಾಮನಗರದ ಬಂಡೆಗಳೂ ಒಂದು ಕಾಲಕ್ಕೆ ನೆಲದೊಳಗೆ ಕುದಿಯುತ್ತಿದ್ದ ರಸವೇ, ನಿಧಾನವಾಗಿ ಆರಿ ಕಲ್ಲಾದವು ಎಂದು ಹೈಸ್ಕೂಲಿನ ಮೇಷ್ಟ್ರು ಹೇಳುತ್ತಿದ್ದರು. ಅದನ್ನಾದರೂ ಯಾರಿಗಾದರೂ ಹೇಳೋಣವೆಂದರೆ ಎಲ್ಲರೂ ಫೋಟೊ ತೆಗೆಯುವುದರಲ್ಲಿ ಮುಳುಗಿದ್ದರು. ಕೊನೆಗೆ ಜಯಮ್ಮನಿಗೆ ವಿಡಿಯೊ ಕಾಲ್ ಮಾಡಿದೆ.

"ಏನ್ರೀ, ಬೆಟ್ಟ ಬೆಂಕಿ ಉಗೀತಾ ಐತಾ?"

"ಇಲ್ಲ ಕಣೆ, ಒಸಿ ಹೊಗೆ ಬತ್ತಾ ಐತೆ."

"ಒಸಿ ಹೊಗೆ ನೋಡಕ್ಕೆ ಇಮಾನ ಹತ್ತುದ್ರಾ? ನಮ್ಮ ಬಚ್ಚಲೊಲೆ ಮುಂದೆ ಕೂತಿದ್ರೆ ಕಣ್ತುಂಬ ಸಿಕ್ತಿತ್ತಲ್ಲ!"

ನಗು ಬರಬೇಕಿತ್ತು, ಬಾಯಿಗೆ ಬಂದದ್ದು ನಿಜ. "ಜಯಾ, ಇನ್ನೊಂದು ಸೀಟಿತ್ತು ಕಣೆ. ನಾನೇ ಸುಳ್ ಹೇಳ್ಬುಟ್ಟೆ. ನೀನು ಕಂಡೋರ್ನೆಲ್ಲ ಮಾತಾಡುಸ್ತೀಯ ಅಂತ ನಾಚ್ಕೆ ಆಯ್ತು."

ಅವಳು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದು ನನ್ನ ಅಕ್ಕಪಕ್ಕ ನೋಡಿದಳು.

"ಅಲ್ಲಿ ನಿಮ್ಮುನ್ನ ಯಾರು ಮಾತಾಡುಸ್ತಾವ್ರೆ?"

"ಯಾರೂ ಇಲ್ಲ."

"ಹಿಂದೆ ಅರಿಶಿನದ ಬಣ್ಣದ ಸ್ವೆಟರ್ ಹಾಕ್ಕಂಡು ಒಬ್ರು ನಿಂತವ್ರಲ್ಲ, ಕನ್ನಡದೋರಾ? ಫೋನ್ ಅವ್ರ ಕೈಗೆ ಕೊಡಿ."

ಕೊಟ್ಟೆ. ಆಕೆ ತುಮಕೂರಿನವರು ಎಂಬುದು ಒಂದೇ ಬಸ್ಸಿನಲ್ಲಿ ಓಡಾಡಿದ್ದ ನನಗೆ ಆಗಲೇ ತಿಳಿದದ್ದು. ಇಬ್ಬರೂ ಮಂಡಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಮಾತಾಡಿದರು. ಫೋನು ನನ್ನ ಕೈಗೆ ಬರುವಷ್ಟರಲ್ಲಿ ಕಾಲ್ ಕಟ್ಟಾಗಿತ್ತು. ನನಗೆ ಅಂತ ಒಂದು ಮಾತೂ ಉಳಿಸಿರಲಿಲ್ಲ.

ಆದರೆ ಇಳಿಯುವಾಗ ಆಕೆಯ ಗಂಡ ನನ್ನ ತೋಳು ಹಿಡಿದುಕೊಂಡರು. ಬಸ್ಸಿನಲ್ಲಿ ಜಾಗ ಹಿಡಿದರು, ಊಟಕ್ಕೆ ಕೂಗಿದರು. ನನ್ನ ಹೆಸರನ್ನು ಮಾತ್ರ ಕೊನೆಯವರೆಗೂ ಯಾರೂ ಕೇಳಲಿಲ್ಲ. "ಜಯಮ್ಮನೋರ ಯಜಮಾನ್ರೇ, ಬನ್ನಿ ಈ ಕಡೆ" ಎನ್ನುತ್ತಿದ್ದರು. ದ್ವೀಪಕ್ಕೆ ಹೋದವನು ನಾನು, ಅಲ್ಲಿ ಪರಿಚಿತಳಾದವಳು ಅವಳು.

ಊರಿಗೆ ಮರಳಿದ ಮೇಲೂ ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಕೇಳೋಣವೆಂದು ಹತ್ತಿರ ಹೋದಾಗಲೆಲ್ಲ ತುಮಕೂರಿನ ಆಕೆಯ ಜೊತೆ ಫೋನಿನಲ್ಲಿರುತ್ತಾಳೆ. ಕೈಸನ್ನೆಯಲ್ಲೇ ಕೂತ್ಕೊಳ್ಳಿ ಎನ್ನುತ್ತಾಳೆ. ಕೂತಿದ್ದೇನೆ.